ಹಿರಿಯಳಿಗೇ ಮೊದಲ ಆರತಿ

ಆರನೆಯ ತರಗತಿಯ ಸ್ನೇಹಾ ಮೈನೆರೆದಳು. ಎಂಟನೆಯ ತರಗತಿಯ ಅಕ್ಕ ಕಾಂಚನಾ ಇನ್ನೂ ನೆರೆದಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಲಕ್ಷ್ಮೇಶ್ವರದ ಆ ಮನೆಯಲ್ಲಿ ಅಜ್ಜಿ ಸುಮಿತ್ರವ್ವ ಇದ್ದಳಲ್ಲ, ಅವಳಿಗೆ ಎಲ್ಲದರಲ್ಲೂ ಯಾರದಾದರೂ ತಪ್ಪು ಇರಲೇಬೇಕು.

“ಹಿರ್ಯಾಕಿಗಿಂತ ಮೊದ್ಲ ಸಣ್ಣಾಕಿಗೆ ಆರತಿ ಮಾಡಿದ್ರ, ಹಿರ್ಯಾಕಿಗೆ ಏನೋ ದೋಷ ಐತಿ ಅಂತಾರ ಓಣ್ಯಾನ ಮಂದಿ,” ಎಂದಳು ಸೊಸೆ ಶಾರದವ್ವನಿಗೆ. “ಮೊದ್ಲ ಕಾಂಚನಾನ್ನ ಕುಂಡ್ರಸೂಣು. ಸಣ್ಣಾಕಿದು ಆಮ್ಯಾಲ ಹೇಳಿದ್ರಾತು. ನಿನ್ನ ಗಂಡಗ ಗೊತ್ತಾಗೂದು ಬ್ಯಾಡ.”

ಶಾರದವ್ವ ತಲೆಯಾಡಿಸಿದಳು. ಆ ಮನೆಯಲ್ಲಿ ಅವಳಿಗೆ ಉಳಿದಿದ್ದ ಕೆಲಸ ಅದೊಂದೇ.

ಹೀಗೆ ಏನೂ ಆಗದ ಕಾಂಚನಾಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹೆಂಗಸರೆಲ್ಲ ಆರತಿ ಬೆಳಗಿದರು. ಹುಡುಗಿ ಹಲ್ಲು ಕಚ್ಚಿ ಕುಳಿತಿದ್ದಳು. ಈ ಸುಳ್ಳು ಅಂದಿಗೇ ಮುಗಿಯುತ್ತದೆ ಅಂದುಕೊಂಡಿದ್ದಳು, ಪಾಪ.

ಮರುದಿನ ಅಪ್ಪ ನಿಜಲಿಂಗಪ್ಪ ಕಾಳಿನ ಅಂಗಡಿಗೆ ಹೊರಟವನು ಹೊಸ್ತಿಲಲ್ಲಿ ನಿಂತ. “ದೊಡ್ಡಾಕಿ ಆದಿ. ಇನ್ನ ಖೊಖೊ ಗಿಖೊ ಬಂದ್.”

ಕಾಂಚನಾ ಶಾಲೆಯ ಖೊಖೊ ತಂಡದ ನಾಯಕಿ. ಶಿರಹಟ್ಟಿಯ ಪಂದ್ಯಕ್ಕಾಗಿ ವರ್ಷವಿಡೀ ಮಣ್ಣಲ್ಲಿ ಬಿದ್ದು ಎದ್ದವಳು. ಅವಳ ಜಾಗಕ್ಕೆ ಮಾಸ್ತರರು, ಈಚೆಗೆ ಸರ್ರನೆ ಎತ್ತರವಾಗಿದ್ದ ಸ್ನೇಹಾಳನ್ನೇ ಆರಿಸಿದರು. ಅವಳಿಗೇನಾಗಿದೆ ಎಂದು ಮನೆಯ ಹೆಂಗಸರ ಹೊರತು ಯಾರಿಗೂ ಗೊತ್ತಿರಲಿಲ್ಲವಲ್ಲ.

ಪಂದ್ಯದ ಹಿಂದಿನ ದಿನ ಸ್ನೇಹಾ ಬೂಟು ಒರೆಸುತ್ತಿದ್ದಳು. ಕಾಂಚನಾ ಅದನ್ನು ಕಾಲಿಂದ ಒದ್ದಳು.

“ನಿನ್ನ ಸಲುವಾಗಿ ನಾ ಮನ್ಯಾಗ ಕುಂತೀನಿ. ನನ್ನ ಜಾಗಾದಾಗ ಓಡಾಕ ನಾಚಿಕಿ ಇಲ್ಲೇನು ನಿನಗ?”

“ನಾ ಏನ್ ಬೇಡ್ಕೊಂಡಿದ್ನೇನು? ಹೊಟ್ಟಿ ಹಿಡ್ಕೊಂಡು ಸುಮ್ನ ಸಾಲಿಗೆ ಹೋದಾಕಿ ನಾನು. ಸೀರಿ ಉಟ್ಟು ಹೋಳಿಗಿ ತಿಂದಾಕಿ ನೀನು,” ಎಂದಳು ತಂಗಿ.

ಕಾಂಚನಾಳ ಮೈಯೆಲ್ಲ ಉರಿಯಿತು. ಉಣ್ಣಲು ಕುಳಿತಿದ್ದ ಅಪ್ಪನ ಎದುರಿಗೆ ನೆಟ್ಟಗೆ ಹೋಗಿ ನಿಂತಳು.

“ಅಪ್ಪಾ, ಆ ಆರತಿ ಸುಳ್ಳು. ದೊಡ್ಡಾಕಿ ಆದಾಕಿ ಸ್ನೇಹಾ, ನಾ ಅಲ್ಲ. ನನ್ನ ಪಂದ್ಯಕ್ಕ ಕಳಸು.”

ನಿಜಲಿಂಗಪ್ಪನ ಕೈ ರೊಟ್ಟಿಯ ಮೇಲೆ ನಿಂತಿತು. ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಈಗ ಅಜ್ಜಿಗೆ ಬೈಗುಳ ಬೀಳುತ್ತದೆ ಎಂದು ಕಾಂಚನಾ ಕಾದಳು.

“ಆದದ್ದು ಆತು,” ಎಂದ ಅವನು. “ಇಬ್ರೂ ಮನ್ಯಾಗ ಇರ್ರಿ. ಹೊರಗ ಬಾಯಿ ಬಿಟ್ರ ಕಾಲ್ ಮುರೀತೀನಿ.”

ಮರುದಿನ ತಂಡದ ಹುಡುಗಿಯರನ್ನು ತುಂಬಿಕೊಂಡ ಟೆಂಪೊ ಮನೆಯ ಮುಂದೆಯೇ ಹಾದುಹೋಯಿತು. ಅಕ್ಕತಂಗಿಯರು ಪಡಸಾಲೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕುಳಿತು ಜೋಳ ಹಸನು ಮಾಡುತ್ತಿದ್ದರು. ಒಬ್ಬಳನ್ನು ಕಂಡರೆ ಇನ್ನೊಬ್ಬಳಿಗೆ ಆಗುತ್ತಿರಲಿಲ್ಲ. ಒಳಗೆ ಸುಮಿತ್ರವ್ವ, “ಈಗರ ಮನಿ ಶಾಂತ ಆತು,” ಎನ್ನುತ್ತ ತಾಟಿಗೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.