ಅಕ್ಕನ ಮನೆ ಮುಂದಿನ ನಲ್ಲಿ

ಗೋಡೆಯ ಆಚೆ ನೀರು ಬೀಳುವ ಸದ್ದು ಕೇಳಿದಾಗಲೆಲ್ಲ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಸುಳ್ಳು ಯಾಕೆ ಹೇಳಲಿ? ನೀರು ಬೀಳುತ್ತಿದ್ದದ್ದು ನನ್ನ ಓರಗಿತ್ತಿಯ ಬಾಗಿಲಲ್ಲಿ. ಕಿವಿಗೊಟ್ಟು ಕೂತಿದ್ದವಳು ನಾನು, ಅದೇ ಮನೆಯ ಹಿಂದಿನ ಕೋಣೆಯಲ್ಲಿ, ಖಾಲಿ ಕೊಡದ ಪಕ್ಕದಲ್ಲಿ.

ಒಂದೇ ಮನೆ ಅದು. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಬಂತು. ಭಾವನಿಗೆ ಬೀದಿ ಕಡೆಯ ಭಾಗ, ನನ್ನ ಗಂಡನಿಗೆ ಹಿಂದಿನ ಓಣಿಯ ಕಡೆಯದು. ಹಾಸಿಗೆ ಹಿಡಿದ ಅತ್ತೆಯೂ ನಮ್ಮ ಪಾಲಿಗೇ ಬಂದಳು. ಗಾಳಿಗೆಂದು ಗೋಡೆಯಲ್ಲೊಂದು ಸಣ್ಣ ಕಿಟಕಿ ಬಿಟ್ಟಿದ್ದರು. "ಹಿಂದಾದ್ರೇನು, ಮುಂದಾದ್ರೇನು, ಕಾಲು ಚಾಚೋಕೆ ಜಾಗ ಸಾಕು" ಅಂದಿದ್ದ ನನ್ನ ಗಂಡ ಮಹಾರಾಯ. ನಮ್ಮ ಬೀದಿಯನ್ನು ನೋಡಲು ಜನ ಬಸ್ಸು ಮಾಡಿಕೊಂಡು ಬರುತ್ತಾರೆ ಅಂತ ಆಗ ಯಾರು ಕಂಡಿದ್ದರು!

ಮೊದಲು ಬಂದದ್ದು ಬೋರ್ಡು. ಸುಸ್ಥಿರ ಪ್ರವಾಸೋದ್ಯಮ, ನಗರದ ಬಡವರ ಜೀವನಮಟ್ಟ ಸುಧಾರಣೆ ಎಂದು ಬರೆದಿತ್ತು. ದೂರದ ಯಾವುದೋ ದೊಡ್ಡ ಬ್ಯಾಂಕು ನಮ್ಮ ಕೇರಿಗೆಂದೇ ಹಣ ಕೊಟ್ಟಿತ್ತಂತೆ. ಆ ಹಣದ ಬೆನ್ನಿಗೆ ಯೋಜನೆಯ ಅಧಿಕಾರಿ ಬಂದ. ಬೈಯುವಾಗಲೂ ಹಲ್ಲು ಬಿಡುತ್ತಿದ್ದ. ಹಾಗಾಗಿ ನಗುಮುಖ ಅಂತ ಹೆಸರಿಟ್ಟೆವು.

"ಪ್ರವಾಸಿಗರು ಬರ್ತಾರೆ. ನೀವು ಬುಟ್ಟಿ ಹೆಣೆಯೋದು ನೋಡ್ತಾರೆ, ಕೊಳ್ತಾರೆ. ಮನೆಮನೆಗೂ ನಲ್ಲಿ ಬರತ್ತೆ" ಅಂದ. ನಾವು ಚಪ್ಪಾಳೆ ತಟ್ಟಿದೆವು. ಪೆದ್ದುಗಳು.

ಬೀದಿ ಕಡೆಯ ಮನೆಗಳಿಗೆ ಬಣ್ಣ, ಹೂಕುಂಡ, ಹಿತ್ತಾಳೆ ನಲ್ಲಿ ಬಂದವು. ಹಿಂದಿನ ಓಣಿಯವರು ಕಾಣಬಾರದೆಂದು ಓಣಿಯ ಬಾಯಿಗೆ ತಗಡಿನ ಪರದೆ ಬಂತು. ನಮ್ಮ ಮೂಲೆಯಲ್ಲಿದ್ದ ಹಳೆಯ ನಲ್ಲಿಯ ಪೈಪನ್ನು ಬೀದಿ ಕಡೆಗೆ ತಿರುಗಿಸಿದರು. ಕೇಳಿದರೆ, "ಎರಡೂ ಕಡೆಗೆ ನೀರು ಏರಲ್ಲಮ್ಮ, ಸ್ವಲ್ಪ ದಿನ ತಾಳಿ" ಅಂತ ನಗು. ಅವತ್ತಿನಿಂದ ನಾವು ಓಣಿಯ ಇನ್ನೊಂದು ತುದಿಯಿಂದ ಹೊರಟು ಎರಡು ಬೀದಿ ದಾಟಿ, ನೀರಿನ ಲಾರಿಗೆ ಕಾದು, ಕೊಡ ಹೊತ್ತು ತರಬೇಕಾಯಿತು. ಅತ್ತೆಯ ಬಟ್ಟೆ ದಿನಕ್ಕೆ ಮೂರು ಸಲ ಒಗೆಯಬೇಕು. ಮಲಗಿ ಮಲಗಿ ಅವಳ ಬೆನ್ನಿಗೆ ಹುಣ್ಣಾಗಿತ್ತು. ಒರೆಸಲು ನೀರಿಲ್ಲದೆ ಹುಣ್ಣು ನಾರತೊಡಗಿತ್ತು.

ಅಕ್ಕನಿಗೆ, ಅಂದರೆ ಓರಗಿತ್ತಿಗೆ, ಯೋಜನೆಯವರು ಸೀರೆ ಕೊಟ್ಟರು. ದಿನಗೂಲಿಯ ಮೇಲೆ ಜಗಲಿಯಲ್ಲಿ ಕೂರಿಸಿದರು. ಬುಟ್ಟಿ ಹೆಣೆಯುವವಳು ಅಂತ. ಅವಳಿಗೆ ಬುಟ್ಟಿ ಹೆಣೆಯಲು ಎಲ್ಲಿ ಬರುತ್ತದೆ? ಅತ್ತೆ ಕೆಲಸ ಕಲಿಸಿದ್ದು ನನಗೆ. ಅದಕ್ಕೆ ನಗುಮುಖ ಒಂದು ಉಪಾಯ ಮಾಡಿದ. ನಾನು ಒಳಗೆ ಹೆಣೆಯಬೇಕು, ಅರ್ಧ ಮಾಡಿದ ಬುಟ್ಟಿಯನ್ನು ಕಿಟಕಿಯಲ್ಲಿ ಕೊಡಬೇಕು, ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಫೋಟೊಗೆ ಕೂರಬೇಕು.

"ನಾನೇ ಜಗಲಿಯಲ್ಲಿ ಕೂರ್ತೀನಲ್ಲ ಸ್ವಾಮಿ?"

"ನಿಮ್ಮ ಮನೆ ದಾರಿಯಲ್ಲಿ ಬರಲ್ಲಮ್ಮ. ನಕ್ಷೆಯಲ್ಲಿಲ್ಲ."

ನಾನು ಎಡಚಿ. ನನ್ನ ಸುತ್ತು ಎಡಕ್ಕೆ ತಿರುಗುತ್ತದೆ. ಬಲಗೈಯವಳಾದ ಅಕ್ಕ ನೋಡುವವರೆದುರು ಒಂದೆರಡು ಎಳೆಯಾದರೂ ತೂರಿಸಲಿ ಅಂತ, ಅವಳಿಗೆ ಕೊಡುವ ಬುಟ್ಟಿಯನ್ನು ಮಾತ್ರ ಕಷ್ಟಪಟ್ಟು ಬಲಕ್ಕೆ ಸುತ್ತುತ್ತಿದ್ದೆ. ಬೆರಳು ಸೀಳುತ್ತಿದ್ದದ್ದು ನನ್ನದು, ಹೊಗಳಿಕೆ ಕೇಳುತ್ತಿದ್ದವಳು ಅವಳು. ಹೇಗಿರಬೇಡ ನನಗೆ?

ಅವಳ ನಲ್ಲಿ ಎಷ್ಟು ಸಲ ಹರಿಯಿತು ಅಂತ ಲೆಕ್ಕ ಇಡುತ್ತಿದ್ದೆ. ಒಂದು ದಿನ ಹನ್ನೊಂದು ಸಲ! ತಡೆಯಲಾರದೆ ಕಿಟಕಿಯಲ್ಲಿ ಕೂಗಿದೆ.

"ಅಕ್ಕಾ, ಒಂದು ಕೊಡ ಕೊಡೆ. ಅತ್ತೆ ಬೆನ್ನು ನೋಡೋಕಾಗ್ತಿಲ್ಲ."

"ಅಯ್ಯೋ, ಹಿಂದಿನ ಓಣಿಗೆ ಕೊಡಬಾರ್ದಂತೆ ಕಣೆ. ನಮ್ಮನೇಲಿ ನೋಡು, ಹಂಡೆ ತುಂಬಿ ಚೆಲ್ತಾ ಇದೆ, ಏನ್ಮಾಡೋದು ಗೊತ್ತಾಗ್ತಿಲ್ಲ."

ಹೆತ್ತ ತಾಯಿಯಂತೆ ನೋಡಿಕೊಂಡ ಅತ್ತೆಗೂ ಒಂದು ಕೊಡ ಇಲ್ಲ! ನಿನ್ನ ಹಂಡೆ ಒಡೆದು ಹೋಗ ಅಂತ ಮನಸಾರೆ ಶಪಿಸಿದೆ.

ಬ್ಯಾಂಕಿನವರು ನೋಡಲು ಬರುವ ದಿನ ಗೊತ್ತಾಯಿತು. ಆ ಬೆಳಿಗ್ಗೆ ನಾನು ಬೇಕಂತಲೇ ನನ್ನ ಕೈಗೆ ಒಗ್ಗಿದ ಹಾಗೆ ಎಡಕ್ಕೆ ಸುತ್ತಿದ ಬುಟ್ಟಿಯನ್ನು ಕಿಟಕಿಯಲ್ಲಿ ದಾಟಿಸಿದೆ. ಅವಳು ನೋಡಲೂ ಇಲ್ಲ, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಅನುಭವಿಸು ಮಗಳೇ ಅಂದುಕೊಂಡೆ. ಕೊಡವನ್ನು ಬೋರಲು ಹಾಕಿ, ಮೇಲೆ ಹತ್ತಿ, ಕಿಟಕಿಯಿಂದ, ಅವಳ ತೆರೆದ ಬಾಗಿಲಾಚೆಯ ಜಗಲಿಯತ್ತ ಕಣ್ಣಿಟ್ಟೆ.

ಐದಾರು ಜನ ಬಂದರು. ನಗುಮುಖ ನಲ್ಲಿ ತಿರುಗಿಸಿದ. ನೀರು ಧೋ ಎಂದು ಬಿತ್ತು. ಫೋಟೊ ತೆಗೆದರು. ಅವರಲ್ಲೊಬ್ಬ ಹೆಂಗಸು ಅಕ್ಕನೆದುರು ಕುಕ್ಕರಗಾಲಲ್ಲಿ ಕೂತು, ಹೆಣೆದು ತೋರಿಸು ಅಂತ ಕೈಸನ್ನೆ ಮಾಡಿದಳು. ಅಕ್ಕ ಎಳೆ ಹಿಡಿದಳು. ಅತ್ತ ತೂರಿಸಿದರೆ ಇತ್ತ ಬಿಚ್ಚಿತು, ಇತ್ತ ತೂರಿಸಿದರೆ ಅತ್ತ. ಬಿದಿರಿನ ಸೀಳು ಚಿಮ್ಮಿ ಅವಳ ಹೆಬ್ಬೆರಳಿಗೆ ಹೊಕ್ಕಿತು. ರಕ್ತ ಹೊಸ ಸೀರೆಯ ಮೇಲೆ ಬಿತ್ತು.

ನನಗೆ ಖುಷಿಯಾಯಿತು. ಆಯಿತು, ಒಪ್ಪಿಕೊಳ್ಳುತ್ತೇನೆ.

ಬಂದವರು ಪಕ್ಕದ ಮನೆಗೆ ಸರಿದರು. ಅಕ್ಕ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು. ನಗುಮುಖ ಅವಳನ್ನು ಮೊಣಕೈಯಿಂದ ತಳ್ಳಿ, ನಲ್ಲಿಯ ತಿರುಪಿನ ಮೇಲೆ ಕಬ್ಬಿಣದ ಮುಚ್ಚಳ ಮುಚ್ಚಿ, ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡ. "ಮಾನ ಕಳೆದೆಯಲ್ಲಮ್ಮ. ನಾಳೆಯಿಂದ ಬೇರೆಯವಳನ್ನ ಕೂರಿಸ್ತೀನಿ" ಎಂದು ಹಲ್ಲು ಬಿಟ್ಟು ಹೋದ.

ಬೀಗ! ನಾನು ಕೊಡದ ಮೇಲಿಂದ ಬೀಳುವುದೊಂದು ಬಾಕಿ.

"ಅಕ್ಕಾ, ಏನೇ ಅದು? ನಲ್ಲಿಗೆ ಬೀಗ?"

ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡೇ ಕಿಟಕಿಗೆ ಬಂದಳು. "ಮೊದಲ ದಿನದಿಂದಲೂ ಇದೆ. ಜನ ಬಂದಾಗ ತೆಗೀತಾನೆ, ಹೋದಮೇಲೆ ಹಾಕ್ತಾನೆ. ಕೆಳಗೆ ಬಿದ್ದ ನೀರನ್ನೂ ಹಿಡಿಯೋಕೆ ಬಿಡಲ್ಲ."

"ಹಂಡೆ ಚೆಲ್ತಾ ಇದೆ ಅಂದೆ?"

"ಹಂಡೇಲಿ ಏನಿದೆ, ಜೇಡರ ಬಲೆ. ನೀನು ಏಳೋಕೆ ಮುಂಚೆ ನಾನೂ ಲಾರಿ ಹತ್ರಾನೇ ಹೋಗಿ ಬರ್ತೀನಿ."

"ಮತ್ಯಾಕೆ ಸುಳ್ಳು ಹೇಳ್ದೆ ಮೂದೇವಿ?"

ಅವಳು ಬಾಯಿಂದ ಬೆರಳು ತೆಗೆದಳು. "ಬೆಳಿಗ್ಗೆಯಿಂದ ಸಂಜೆವರೆಗೆ ಆ ಜಗಲಿಯಿಂದ ಏಳೋ ಹಾಗಿಲ್ಲ. ಉಚ್ಚೆಗೆ ಹೋಗೋಕೂ ಕೇಳ್ಬೇಕು. ನೀನು ಹೊಟ್ಟೆ ಉರ್ಕೊಳ್ಳೋದು ಕಂಡಾಗ ಮಾತ್ರ, ಪರವಾಗಿಲ್ಲ, ನಂಗೂ ಏನೋ ಸಿಕ್ಕಿದೆ ಅನ್ನಿಸ್ತಿತ್ತು ಕಣೆ. ಅದೊಂದೇ ಸುಖ ಇತ್ತು. ನಿನ್ನಂಥ ಕೈ ಇಲ್ವಲ್ಲ ನಂಗೆ."

ಬೈಯಬೇಕೆಂದಿದ್ದವಳು ಕೊಡದ ಮೇಲಿಂದ ಇಳಿದೆ. ಇಷ್ಟು ದಿನ ನಾನು ಉರಿದದ್ದು ಜೇಡರ ಬಲೆ ಕಟ್ಟಿದ ಹಂಡೆಗೆ! ನಗುಮುಖ ನಮ್ಮಿಬ್ಬರ ಮಧ್ಯೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ, ನಾನು ಓರಗಿತ್ತಿಯನ್ನು ಶಪಿಸುತ್ತಿದ್ದೆ.

ತಗಡಿನ ಪರದೆ ಸರಿಸಿ ಖಾಲಿ ಕೊಡದೊಂದಿಗೆ ಬೀದಿಗೆ ಬಂದೆ. ಬ್ಯಾಂಕಿನ ಹೆಂಗಸಿನ ಎದುರು ನಿಂತೆ. "ತಾಯಿ, ನಮ್ಮ ನೀರನ್ನ ಇವನು ಕಟ್ಟಿ ಹಾಕಿದಾನೆ. ನಮ್ಮತ್ತೆ ಬೆನ್ನು ಕೊಳೀತಾ ಇದೆ" ಅಂದೆ.

ನಗುಮುಖ ಅವರ ಭಾಷೆಯಲ್ಲಿ ಏನೋ ಹೇಳಿದ. ಅವರೆಲ್ಲ ನನ್ನ ಕಡೆ ತಿರುಗಿ ನಕ್ಕು ಚಪ್ಪಾಳೆ ತಟ್ಟಿದರು. ನಾನು ಧನ್ಯವಾದ ಹೇಳಿದೆ ಅಂತ ಹೇಳಿರಬೇಕು, ದರಿದ್ರದವನು.

ನಾನು ಆ ಹೆಂಗಸಿನ ಕೈ ಹಿಡಿದು ಎಳೆದುಕೊಂಡೇ ಹೋದೆ. ಕೊಡವನ್ನು ನಲ್ಲಿಯ ಕೆಳಗಿಟ್ಟೆ. ಬೀಗ ತೋರಿಸಿದೆ. ಅದಕ್ಕೆ ಯಾರ ಭಾಷೆಯೂ ಬೇಕಿರಲಿಲ್ಲ. ಅವಳ ಚಪ್ಪಾಳೆ ನಿಂತಿತು. ಅವಳು ನಗುಮುಖನನ್ನು ಏನೋ ಕೇಳಿದಳು, ಅವನು ಏನೋ ಹೇಳಿದ, ಗಡಿಯಾರ ನೋಡಿಕೊಂಡ. ಎಲ್ಲರೂ ಬಸ್ಸು ಹತ್ತಿದರು. ಅವಳು ಕಿಟಕಿಯಿಂದ ನನ್ನ ಕೊಡದ ಫೋಟೊ ತೆಗೆದಳು. ಅಷ್ಟೇ. ಬಸ್ಸು ಹೋಯಿತು.

"ಈಗ ನಿಮ್ಮಿಬ್ಬರ ಮನೇನೂ ಯೋಜನೆಯಿಂದ ಔಟ್" ಅಂದ ನಗುಮುಖ.

"ಇನ್ ಆಗಿದ್ದದ್ದು ಯಾವಾಗ?" ಅಂದಳು ಅಕ್ಕ. ನನ್ನ ಕಡೆ ತಿರುಗಿ, "ಬಿದಿರು ಸೀಳೋ ಮಚ್ಚು ತಗೊಂಬಾ" ಅಂದಳು.

ತಂದುಕೊಟ್ಟೆ. ಮಚ್ಚು ಕಂಡ ನಗುಮುಖ ಜಾಗ ಖಾಲಿ ಮಾಡಿದ. ಮಚ್ಚಿನ ಹಿಂಬದಿಯಿಂದ ಅವಳು ನಾಲ್ಕೇಟು ಹಾಕಿದಳು. ಬೀಗ ಕಳಚಿ ಬಿತ್ತು. ನೀರು ಕೊಡಕ್ಕೆ ಬೀಳುವ ಸದ್ದಿಗೆ ಹಿಂದಿನ ಓಣಿಯ ಹೆಂಗಸರು ಪರದೆ ದಾಟಿ ಬಂದರು. ಬೀದಿ ಕಡೆಯವರೂ ಕೊಡ ಹಿಡಿದು ಬಂದರು, ಅವರ ಮನೆಗಳ ಹಂಡೆಯೂ ಒಣಗಿಯೇ ಇತ್ತು. ಸರದಿಗೆ ಜಗಳ ಆಯಿತು, ಜುಟ್ಟು ಹಿಡಿಯುವಷ್ಟು. ಆದರೆ ನೀರು ಎಲ್ಲರಿಗೂ ಸಿಕ್ಕಿತು. ನಾನು ಮೊದಲ ಕೊಡದಲ್ಲಿ ಅತ್ತೆಯ ಬೆನ್ನು ತೊಳೆದು ಬಂದೆ.

ಮಧ್ಯಾಹ್ನಕ್ಕೆ ನಗುಮುಖ ಪೊಲೀಸಿನವನನ್ನು ಕರೆತಂದ. "ಬೀಗ ಒಡೆದವರು ಯಾರು?" ಅಂತ ಪೊಲೀಸಿನವನು ಪುಸ್ತಕ ತೆಗೆದ.

"ನಾನು" ಅಂತ ಅಕ್ಕ ಮುಂದೆ ಬಂದು ಹೆಸರು ಹೇಳಿದಳು. ರಕ್ತದ ಕಲೆಯ ಸೀರೆಯಲ್ಲೇ ಸೆಟೆದು ನಿಂತಿದ್ದಳು. ಇಡೀ ಬೀದಿ ಅವಳನ್ನೇ ನೋಡುತ್ತಿತ್ತು. ಹಿಂದಿನ ಓಣಿಯ ಮುದುಕಿಯರೂ "ಭಲೇ" ಅಂದರು.

ನನ್ನ ಹೊಟ್ಟೆ ಮತ್ತೆ ಉರಿಯಿತು. ಇದೂ ಅವಳ ಹೆಸರಿಗೇ ಹೋಗಬೇಕೇ?

ಜನರನ್ನು ತಳ್ಳಿಕೊಂಡು ಹೋಗಿ ಅವಳ ಪಕ್ಕ ನಿಂತೆ. "ನನ್ನ ಹೆಸರೂ ಬರ್ಕೊಳ್ಳಿ ಸಾಹೇಬ್ರೆ" ಅಂದೆ. "ಮಚ್ಚು ನಂದು."