ಅವಳು ಟೈಪ್ ಮಾಡಿದ್ದು

ಪುಸ್ತಕಗಳಿಗೆ ರಟ್ಟು ಕಟ್ಟುವುದು ಬೈಂಡರನ ಕಸುಬು. ಆ ಪುಸ್ತಕಗಳ ಒಳಗಿನ ಅಕ್ಷರ ಮಾತ್ರ ಅವನ ಹೆಂಡತಿಯದು. ಮದುವೆಯ ಹೊಸದರಲ್ಲಿ ಕೊಂಡ ಹಳೇ ಕಾಲದ ಕಂಪ್ಯೂಟರಿನಲ್ಲಿ ಅವಳು ಪರಿಚಯದವರ ವರದಿ, ಪ್ರಬಂಧಗಳನ್ನೆಲ್ಲ ಟೈಪ್ ಮಾಡಿಕೊಡುತ್ತಿದ್ದಳು. ಯಂತ್ರವೆಲ್ಲ ಕೀಲಿಮಣೆಯ ಹೊಟ್ಟೆಯಲ್ಲೇ ಅಡಗಿತ್ತು. ಟಿವಿಗೆ ಸಿಕ್ಕಿಸಿದರೆ ಆಯಿತು. ಹೊಸದು ತರೋಣ ಎಂದರೆ ಮೂಗು ಮುರಿಯುತ್ತಿದ್ದಳು.

ಪಾರ್ಶ್ವವಾಯು ಬಡಿದಾಗ ಅವಳ ಮಾತು ಹೋಯಿತು, ನಡಿಗೆ ಹೋಯಿತು, ಕೈಗಳು ಉಳಿದವು. ಆಸ್ಪತ್ರೆಯಿಂದ ಬಂದವಳು ಮೊದಲು ಬೆರಳು ತೋರಿಸಿದ್ದು ಕಂಪ್ಯೂಟರಿನ ಕಡೆಗೆ. ಅಷ್ಟರಲ್ಲಿ ಹಳೇ ಟಿವಿ ಸುಟ್ಟುಹೋಗಿತ್ತು, ಹೊಸ ಟಿವಿಗೆ ಆ ವೈರು ಕೂರುತ್ತಿರಲಿಲ್ಲ, ಪ್ರಿಂಟರು ತುಕ್ಕು ಹಿಡಿದಿತ್ತು. ಆದರೂ ಅವಳು ದಿನವೂ ಅದರ ಮುಂದೆ ಕೂತು, ಮೊದಲಿನಷ್ಟೇ ಚುರುಕಾಗಿ ಟಕಟಕ ಬಡಿಯುತ್ತಿದ್ದಳು. ಗಂಡ ಪಕ್ಕದ ಕೋಣೆಯಲ್ಲಿ ಹಾಳೆ ಹೊಲಿಯುತ್ತ ಆ ಸದ್ದನ್ನೇ ಕೇಳುತ್ತಿದ್ದ. ಏನೋ ಹೇಳ್ತಿದ್ದಾಳೆ, ಕಾಗದಕ್ಕೆ ಬಂದುಬಿಟ್ಟರೆ ಸಾಕು ಎಂದುಕೊಂಡ.

ಅಂಗಡಿಗಳ ಬಿಲ್ ಮಷೀನು ರಿಪೇರಿ ಮಾಡುವವನನ್ನು ಹಿಡಿದು ತಂದ. ಅವನು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದು ನನಗಿಂತ ಹಿರೀದು ಯಜಮಾನ್ರೇ. ಮುಟ್ಟೋ ಮುಂಚೆ ಕಾಲಿಗೆ ಬೀಳ್ಬೇಕು."

"ಬಿದ್ದಾದ್ರೂ ಸರಿ, ಪ್ರಿಂಟ್ ತೆಗೆಸಪ್ಪ."

ಮುಂದಿನ ವಾರ ಅವನು ಬಿಲ್ ಹೊಡೆಯುವ ಅಗ್ಗದ ಪುಟ್ಟ ಪ್ರಿಂಟರನ್ನೂ, ಹಳೇ ಯಂತ್ರದ ಭಾಷೆಯನ್ನು ಹೊಸದಕ್ಕೆ ತಿಳಿಸುವ ಬೆಂಕಿಪೊಟ್ಟಣದಷ್ಟು ಸರ್ಕ್ಯೂಟನ್ನೂ ತಂದ. ಮಧ್ಯಾಹ್ನವೆಲ್ಲ ಬೆಸುಗೆ ಹಾಕಿದ. ಕೊನೆಗೆ ತನ್ನ ಅಡ್ಡಹೆಸರನ್ನು ಒತ್ತಿದ. ಅಂಗೈಯಗಲದ ಕಾಗದ ಜರ್ರನೆ ಹೊರಬಂತು. ಅಡ್ಡಹೆಸರು ಸ್ವಚ್ಛವಾಗಿ ಮೂಡಿತ್ತು.

"ಬಾರೇ" ಎಂದು ಬೈಂಡರ್ ಹೆಂಡತಿಯ ಕುರ್ಚಿಯನ್ನು ಮುಂದಕ್ಕೆ ಎಳೆದ.

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಸರಾಗವಾಗಿ ಬಡಿದಳು. ಕಾಗದ ಬಂತು. ಅದರ ಮೇಲೆ ಮೂರು ನಾಲ್ಕು ಅಕ್ಷರಗಳೇ ಹಿಂದೆಮುಂದೆಯಾಗಿ ಸಾಲುಗಟ್ಟಲೆ ಸುರಿದಿದ್ದವು. ಎಲ್ಲೂ ಒಂದು ಪದವಿಲ್ಲ.

"ವೈರು ಸಡಿಲ ಇರ್ಬೇಕು ನೋಡು" ಎಂದ ಬೈಂಡರ್.

ರಿಪೇರಿಯವನು ವೈರು ಬದಲಿಸಿದ. ಮತ್ತೆ ತಾನೇ ಒತ್ತಿ ನೋಡಿದ; ಸರಿಯಾಗಿಯೇ ಬಂತು. ಬೈಂಡರನೂ ಒಂದೊಂದೇ ಬೆರಳಿನಲ್ಲಿ ಹೆಂಡತಿಯ ಹೆಸರು ಒತ್ತಿದ. ಅದೂ ಸರಿಯಾಗಿ ಬಂತು.

"ಮಷೀನು ಸರಿ ಇದೆ ಯಜಮಾನ್ರೇ" ಎಂದು ರಿಪೇರಿಯವನು ತಗ್ಗಿದ ದನಿಯಲ್ಲಿ ಹೇಳಿ ಉಪಕರಣಗಳನ್ನು ಚೀಲಕ್ಕೆ ತುಂಬತೊಡಗಿದ.

ಅವಳು ತನ್ನ ಕಾಗದವನ್ನು ಅಚ್ಚುಕಟ್ಟಾಗಿ ಹರಿದು ಗಂಡನ ಕೈಗಿಟ್ಟಳು. ಕೆಲಸ ಮುಗಿಸಿಕೊಟ್ಟ ಸಮಾಧಾನ ಮುಖದಲ್ಲಿತ್ತು.

"ಚೆನ್ನಾಗಿದೆ" ಎಂದ ಅವನು.

ಅವಳು ಅಲ್ಲವೆಂದು ತಲೆಯಾಡಿಸಿ ಕಾಗದದ ಮೇಲೆ ಬೆರಳು ಕುಟ್ಟಿದಳು. ಓದು ಎಂದು. ಏನಾದರೂ ಕಟ್ಟಿ ಹೇಳಬಹುದಿತ್ತು, ಆದರೆ ಅವನು ಕಾಗದವನ್ನು ಹಿಂದೆಮುಂದೆ ತಿರುಗಿಸಿದ. ಅವಳು ಅವನ ಮುಖವನ್ನು ದಿಟ್ಟಿಸಿದಳು. ಆಮೇಲೆ ಇನ್ನೊಂದು ಸಾಲು ಬಡಿದಳು, ಈ ಸಲ ನಿಧಾನವಾಗಿ, ಪ್ರತಿ ಕೀಲಿಯನ್ನೂ ಹುಡುಕಿ. ಬಂದದ್ದು ಅವೇ ಅಕ್ಷರ. ಆ ಕಾಗದವನ್ನು ಅವಳು ತಾನೇ ಬಹಳ ಹೊತ್ತು ನೋಡಿದಳು. ನಂತರ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

ಮಾರನೆಯ ದಿನ ಅವಳು ಕಂಪ್ಯೂಟರಿನ ಕಡೆಗೆ ಬೆರಳು ತೋರಿಸಲಿಲ್ಲ. ಅವನು ಪ್ರಿಂಟರನ್ನು ಕಿತ್ತು ಅಟ್ಟಕ್ಕೆ ಹಾಕಿದ. "ಸುಮ್ನೆ ಬಡಿಯೇ, ಕಾಗದ ಬೇಡ" ಎಂದು ಅವಳ ಕುರ್ಚಿಯನ್ನು ಹತ್ತಿರ ಎಳೆದು, ಕೈಹಿಡಿದು ಕೀಲಿಗಳ ಮೇಲಿಟ್ಟ. ಅವಳು ಕೈ ಕೊಸರಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.

ಈಗ ಅವನು ಹಾಳೆ ಹೊಲಿಯುವಾಗ ಪಕ್ಕದ ಕೋಣೆಯಿಂದ ಯಾವ ಸದ್ದೂ ಬರುವುದಿಲ್ಲ.