ಗೆರೆಯಿಲ್ಲದ ಹೆಬ್ಬೆಟ್ಟು

ರೇಣುವಿನ ಹೆಬ್ಬೆರಳಿಗೆ ಗೆರೆಗಳಿರಲಿಲ್ಲ. ನೋಂದಣಿ ಕಚೇರಿಯ ಯಂತ್ರ ಅದನ್ನು ಮೂರು ಸಲ ಹೇಳಿತು, ಮೂರು ಸಲವೂ ಕೆಂಪು ದೀಪ ಹೊತ್ತಿಸಿ.

"ಮ್ಯಾಡಮ್, ಹಾತ್ ಧುವೂನ್ ಯಾ," ಎಂದ ಗುಮಾಸ್ತ ಮರಾಠಿಯಲ್ಲಿ, ಕೈ ತೊಳೆದು ಬರಲು ನಲ್ಲಿಯ ಕಡೆ ತೋರಿಸಿ.

ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಳು. ಇಪ್ಪತ್ತೆರಡು ವರ್ಷ ಕಾಲೇಜಿನ ಪ್ರಯೋಗಶಾಲೆಯಲ್ಲಿ ಹುಡುಗಿಯರಿಗೆ ಆ್ಯಸಿಡ್ಡು ಅಳೆದುಕೊಟ್ಟ ಕೈ. ಅವಳು ರೇಣು ಎಂಬುದನ್ನು ಆಧಾರ್ ಕಾರ್ಡು ಒಪ್ಪಿತ್ತು, ಇಬ್ಬರು ಸಾಕ್ಷಿಗಳು ಒಪ್ಪಿದ್ದರು. ಬೆರಳಷ್ಟೇ ಒಪ್ಪುತ್ತಿರಲಿಲ್ಲ.

ಕೆಲಸ ಸಣ್ಣದು. ಅಪ್ಪ ಈರಬಸಪ್ಪ ಹೋದ ವರ್ಷ ತೀರಿಕೊಂಡಿದ್ದ. ಹಡಪಸರದ ಮೂರು ಖೋಲಿಯ ಮನೆ ಅಕ್ಕ ತಮ್ಮ ಇಬ್ಬರಿಗೂ ಬಂದಿತ್ತು. ತನ್ನ ಪಾಲನ್ನು ತಮ್ಮ ಬಸವಪ್ರಭುವಿಗೆ ಬಿಟ್ಟುಕೊಡುವ ಪತ್ರಕ್ಕೆ ಅವಳು ಹೆಬ್ಬೆಟ್ಟು ಒತ್ತಬೇಕು. ಬಳಗದ ಹೆಣ್ಣುಮಕ್ಕಳೆಲ್ಲ ಒತ್ತಿದ್ದರು. ಒತ್ತಿ, ಉಡಿ ತುಂಬಿಸಿಕೊಂಡು, ಹೊಸ ಸೀರೆ ಉಟ್ಟು ಗಂಡನ ಮನೆಗೆ ಹೋಗಿದ್ದರು. ರೇಣುವಿಗೆ ಅಂಥ ಮನೆ ಇರಲಿಲ್ಲ. ಅವಳು ಇದ್ದದ್ದೇ ಹಡಪಸರದ ಹಿಂದಿನ ಖೋಲಿಯಲ್ಲಿ.

ವಾಪಸು ಬಂದಾಗ ತಮ್ಮನ ಹೆಂಡತಿ ನೀತಾ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚೀಲದೊಳಗಿನ ಹೊಸ ಸೀರೆಯ ಮೇಲಿಂದ ತೆಂಗಿನಕಾಯಿ ಇಣುಕುತ್ತಿತ್ತು.

"ಅಕ್ಕಾರ, ಉಡಿ ಇಲ್ಲೇ ತುಂಬಲ್ರೀ, ಮನಿಯಾಗ ತುಂಬಲ್ರೀ?"

"ಯಾರ ಮನಿಯಾಗ?"

ನೀತಾ ನಕ್ಕಳು. "ನಿಮ್ಮ ಚಾಷ್ಟಿ ಬಿಡಂಗಿಲ್ಲ ನೋಡ್ರಿ."

ಬಸವಪ್ರಭು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ನಿನ್ನ ಯಾರ ಹೊರಗ ಹಾಕತಾರ? ಹಿಂದಿನ ಖೋಲಿ ನಿಂದ."

"ನಂದಂದ್ರ?"

"ಅಂದ್ರ... ಇರು ಅಂತ."

ತೊಳೆದ ಬೆರಳನ್ನೂ ಯಂತ್ರ ಒಪ್ಪದಿದ್ದಾಗ ಗುಮಾಸ್ತ ಶಾಯಿಯ ಡಬ್ಬಿ ಮುಂದೆ ತಳ್ಳಿದ. ರೇಣು ಬೆರಳು ಅದ್ದಿದಳು. ಕಾಗದಕ್ಕೆ ಇನ್ನು ನಾಲ್ಕು ಅಂಗುಲ.

ಅಷ್ಟರಲ್ಲಿ ಮೇಜಿನಾಚೆಯ ನೋಂದಣಿ ಅಧಿಕಾರಿಣಿ, ತಲೆಯೆತ್ತದೆ, ಮರಾಠಿಯಲ್ಲಿ ಕೇಳಿದಳು: ಯಾರ ಒತ್ತಾಯವೂ ಇಲ್ಲದೆ, ನಿಮ್ಮ ಖುಷಿಯಿಂದ ಬಿಟ್ಟುಕೊಡುತ್ತಿದ್ದೀರಾ?

ದಿನಕ್ಕೆ ನಲವತ್ತು ಸಲ ಕೇಳುವ ಪ್ರಶ್ನೆ. ರೇಣುವಿಗೆ ಈಗ ನಲವತ್ತಾರು. ಅವಳ ಖುಷಿಯ ಬಗ್ಗೆ ಯಾರಾದರೂ ಕೇಳಿದ್ದು ನೆನಪಾಗಲಿಲ್ಲ.

"ಹೂಂ ಅನ್ನು," ಎಂದು ಬಸವಪ್ರಭು ಪಿಸುಗುಟ್ಟಿದ.

"ಇಲ್ಲ," ಎಂದಳು ರೇಣು. ದನಿ ಬೇರೆ ಯಾರದೋ ಅನ್ನಿಸಿತು.

ಅಧಿಕಾರಿಣಿ ಮೊದಲ ಸಲ ಅವಳ ಮುಖ ನೋಡಿದಳು. ಕಾಗದಗಳನ್ನು ಪಕ್ಕಕ್ಕೆ ಸರಿಸಿ ಮುಂದಿನ ಟೋಕನ್ ಕರೆದಳು.

ಹೊರಗೆ ಬಂದೊಡನೆ ಬಸವಪ್ರಭು ಹರಿಹಾಯ್ದ. "ತಲಿ ಕೆಟ್ಟದೇನ ನಿಂದು? ನಾನೇನ ಕಸಕೊಳ್ಳಾಕ ಬಂದೀನೇನ?"

"ಗೊತ್ತಿಲ್ಲೊ ಪ್ರಭು. ಅವ್ರು ಕೇಳಿದ್ರು, ಹೇಳಿದೆ."

"ಇಷ್ಟ ದಿನ ಬಾಯಿ ಇರಲಿಲ್ಲೇನ?"

"ಕೇಳಿದ್ದೇನ ನೀ?"

ಅವನು ನೀತಾಳನ್ನೂ ಚೀಲವನ್ನೂ ಹತ್ತಿಸಿಕೊಂಡು ಸ್ಕೂಟರ್ ಓಡಿಸಿದ.

ಬಸ್ ನಿಲ್ದಾಣದಲ್ಲಿ ನೋಡಿದರೆ ಶಾಯಿ ಇನ್ನೂ ಒಣಗಿರಲಿಲ್ಲ. ಟೋಕನ್ ಚೀಟಿಯ ಬೆನ್ನಿಗೆ ಹೆಬ್ಬೆರಳು ಒತ್ತಿದಳು. ನುಣ್ಣಗಿನ ಕಪ್ಪು ಗುರುತು, ಯಾರದಾದರೂ ಆಗಬಹುದಾದದ್ದು. ಕಣ್ಣ ಹತ್ತಿರ ಹಿಡಿದಳು. ಕೆಳಗಿನ ಅಂಚಿನಲ್ಲಿ ಕೂದಲೆಳೆಯಂಥ ಎರಡು ಗೆರೆಗಳಿದ್ದವು. ಅಳಿಸಿಹೋದೀತೆಂದು ಮಡಚಲಿಲ್ಲ, ಅಂಗೈ ಮೇಲಿಟ್ಟು ಊದುತ್ತ ನಿಂತಳು.

ಹಡಪಸರದ ಬಸ್ಸು ಬಂತು. ಮನೆಯ ಕೀಲಿ ಪರ್ಸಿನಲ್ಲೇ ಇತ್ತು.

ಕಳೆದದ್ದು ಅರ್ಧ ದಿನದ ರಜೆ, ಒಂದು ಸೀರೆ, ಒಬ್ಬ ತಮ್ಮ. ಮೂರನೆಯದು ಇನ್ನೂ ಖಚಿತವಿರಲಿಲ್ಲ.